ಇವರಿಗೇನು ಗೊತ್ತಾಗುತ್ತೆ

ಮಾಟುಂಗದ ಕನ್ನಡ ಸಂಘದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿರುವಾಗ ಯಾರಾದರೂ ಹಿರಿಯರು "ನಿಮ್ಮದು ಏನು ಕೆಲಸ?" ಎಂದು ಕೇಳುತ್ತಾರೆ. ಡೇಟಾ ಸೈನ್ಸ್ ಎಂದರೆ "ಓ, ಕಂಪ್ಯೂಟರ್" ಎಂದು ಚಟ್ನಿಯ ಕಡೆ ತಿರುಗುತ್ತಾರೆ. ಅಲ್ಲಿಗೇ ಬಿಡದೆ ಕೇಳುವವರಿಗೆ ನಾನು ಹೇಳುವುದು ಇಷ್ಟು: ಹಿಂದೆ ಏನೇನಾಯಿತು ಎಂಬುದನ್ನು ಯಂತ್ರಕ್ಕೆ ಉಣಿಸುತ್ತೇವೆ, ಮುಂದೆ ಏನಾಗಬಹುದೆಂದು ಅದು ಊಹಿಸುತ್ತದೆ. "ಜ್ಯೋತಿಷ್ಯ ಅನ್ನಿ" ಎಂದು ಒಬ್ಬರು ನಕ್ಕಿದ್ದರು. ಆಗ ನನಗೆ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ. ಭವಿಷ್ಯ ಸುಳ್ಳಾದರೆ ಜ್ಯೋತಿಷಿ ನಾಲ್ಕು ದಿನ ಮುಖ ಮರೆಸಿಕೊಂಡಾದರೂ ಓಡಾಡುತ್ತಾನೆ. ನಾನು ಸುಳ್ಳಾಗಿದ್ದಕ್ಕೆ ಚಪ್ಪಾಳೆ ತಟ್ಟಿಸಿಕೊಂಡವಳು.

ನಿಜ ಹೇಳಬೇಕೆಂದರೆ ಆ ಕೆಲಸವನ್ನೂ ನಾನೀಗ ಮಾಡುವುದಿಲ್ಲ, ಮಾಡಿಸುತ್ತೇನೆ. ಜೋಗೇಶ್ವರಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗಿನ ಗಾಳಾದಲ್ಲಿ, ಅಂದರೆ ಒಂದು ಕೋಣೆಯಷ್ಟರ ಕಾರ್ಖಾನೆಯಲ್ಲಿ, ಸ್ಕ್ರೂ, ನಟ್ಟು ತಯಾರಾಗುತ್ತವೆ. ಅಲ್ಲಿ ಸಂಜೆಯ ಹೊತ್ತಿಗೆ ಎಷ್ಟು ಕೆಲಸವಾಯಿತೆಂದು ಡಬ್ಬಿ ನೋಡಿದರೆ ತಿಳಿಯುತ್ತದೆ. ಮೇಲೆ ನಮ್ಮಲ್ಲಿ ಹಾಗಲ್ಲ. ನನ್ನ ತಂಡದ ಮೂವರು ವಾರವಿಡೀ ತಲೆ ಬಗ್ಗಿಸಿ ದುಡಿದು, ಕೊನೆಗೆ "ಮೇಡಂ, ಈ ದಾರಿ ಸರಿಯಿಲ್ಲ ಅಂತ ಗೊತ್ತಾಯಿತು" ಎನ್ನಬಹುದು. ಅದೂ ಕೆಲಸವೇ. ಆದರೆ ನಮ್ಮ ಬಾಸ್‌ಗೆ ಅದನ್ನು ಕೆಲಸವೆಂದು ಒಪ್ಪಿಸುವುದು ನನ್ನ ಸಂಬಳದ ಅರ್ಧ. ಅಡುಗೆಯವರನ್ನು ಅನ್ನ ಯಾವಾಗ ಆಗುತ್ತದೆಂದು ಕೇಳಬಹುದು. ಡಬ್ಬದಲ್ಲಿ ಅಕ್ಕಿ ಇದೆಯೋ ಕಲ್ಲು ಇದೆಯೋ ಎಂದು ನೋಡುವುದರಲ್ಲೇ ಹೊತ್ತು ಕಳೆಯುವ ನಮ್ಮನ್ನು ಕೇಳಿದರೆ ಏನು ಹೇಳುವುದು? ನಾನು ಮಾತ್ರ ಪ್ರತಿ ಸೋಮವಾರ ಒಂದು ತಾರೀಖು ಹೇಳುತ್ತಿದ್ದೆ. ಹೇಳಿ ಹೇಳಿ ರೂಢಿಯಾಗಿತ್ತು.

ಇನ್ನೊಂದು ನಾಚಿಕೆಯ ವಿಷಯ. ಹುಡುಗರು ಪರದೆಯ ಮೇಲೆ ತೋರಿಸುವುದರಲ್ಲಿ ಅರ್ಧ ನನಗೆ ಈಗ ತಿಳಿಯುವುದಿಲ್ಲ. ನನ್ನ ಕಾಲದ ವಿದ್ಯೆಗೆ ತುಕ್ಕು ಹಿಡಿದಿದೆ. ತಿಳಿಯದಿದ್ದಾಗ ಕನ್ನಡಕ ತೆಗೆದು ಒರೆಸಿ, "ಇಂಟರೆಸ್ಟಿಂಗ್" ಎನ್ನುತ್ತೇನೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ತಂಡ ನಡೆಯುತ್ತಿತ್ತು.

ಮೂವರಲ್ಲಿ ಒಬ್ಬ ಪಾಟ್ನಾದವನು, ಒಬ್ಬ ನಾಸಿಕದವನು. ಮೂರನೆಯವಳು ಮಾಟುಂಗದ ಹುಡುಗಿ, ಮೂವರಲ್ಲೂ ಕಿರಿಯವಳು. ಅವಳ ತಂದೆ ಉಡುಪಿ ಕಡೆಯವರು; ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಕಿವಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಇಂಟರ್‌ವ್ಯೂ ಮುಗಿದ ಮೇಲೆ ಬಾಗಿಲ ಬಳಿ ನಿಂತು, "ಮೇಡಂ, ನೀವು ಮೈಸೂರಾ? ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಉಂಟು" ಎಂದಿದ್ದಳು. ನಾನು ಅಲ್ಲೇ ಕರಗಿದೆ. ಈ ಊರಿಗೆ ಬಂದು ಇಷ್ಟು ವರ್ಷಗಳಾದರೂ ಆಫೀಸಿನೊಳಗೆ ಕನ್ನಡ ಕೇಳಿದ್ದು ಅದೇ ಮೊದಲು. ಕೆಲಸಕ್ಕೆ ಅವಳು ಯೋಗ್ಯಳೇ ಆಗಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಗ್ಯಳಲ್ಲದಿದ್ದರೂ ತೆಗೆದುಕೊಳ್ಳುತ್ತಿದ್ದೆನೋ ಏನೋ.

ನಾನು ವಡಾಲದಲ್ಲಿ ಹಾರ್ಬರ್ ಲೈನ್ ಹತ್ತಿದರೆ ಮುಂದಿನ ಸ್ಟೇಷನ್ ಕಿಂಗ್ಸ್ ಸರ್ಕಲ್‌ನಲ್ಲಿ ಅವಳು ಹತ್ತುತ್ತಿದ್ದಳು. ಲೇಡೀಸ್ ಡಬ್ಬಿಯಲ್ಲಿ ಜೋಗೇಶ್ವರಿಯವರೆಗೂ ಅವಳಿಗೆ ಕನ್ನಡ ಪಾಠ. ಮೊದಮೊದಲು ಪ್ರತಿ ವಾಕ್ಯಕ್ಕೂ ಒಂದು "ಮತ್ಲಬ್" ಸೇರಿಸುತ್ತಿದ್ದಳು. ಬರಬರುತ್ತ 'ಉಂಟು' ಹೋಗಿ 'ಇದೆ' ಬಂತು, 'ಎಂತ' ಹೋಗಿ 'ಏನು' ಬಂತು. "ಪಪ್ಪ ನಗಾಡ್ತಾರೆ ಮೇಡಂ. ನೀನು ಮೈಸೂರಿನ ಮಗಳಾ ಅಂತ ಕೇಳ್ತಾರೆ," ಎಂದು ಒಂದು ದಿನ ಬಾಂದ್ರಾದ ನೂಕುನುಗ್ಗಲಿನ ನಡುವೆ ಹೇಳಿದಳು. ನನಗೆ ಮಕ್ಕಳಿಲ್ಲ. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಆ ದಿನ ಆಫೀಸಿನಲ್ಲಿ ಯಾರ ಮೇಲೂ ರೇಗಲಿಲ್ಲ. ಅವಳ ಆ ತಪ್ಪುತಪ್ಪು ಕನ್ನಡ ನನ್ನ ದಿನದ ಅತಿ ಒಳ್ಳೆಯ ಭಾಗವಾಗಿಬಿಟ್ಟಿತ್ತು.

ಅದನ್ನು ಅಷ್ಟಕ್ಕೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ನಾನು ಆ ಕನ್ನಡವನ್ನು ಮೀಟಿಂಗಿಗೂ ತಂದೆ. ಬೇರೆಯವರ ಎದುರಿಗೇ, ಬೇರೆಯವರಿಗೆ ತಿಳಿಯದ ಹಾಗೆ ಮಾತಾಡುವ ಸುಖ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಬಾಸ್ ಎದುರಿಗೆ ಕೂತಿರುವಾಗಲೇ ನಗುನಗುತ್ತ "ಇವನಿಗೆ ಇವತ್ತು ಏನೋ ಆಗಿದೆ" ಎನ್ನುತ್ತಿದ್ದೆ. ಇವಳು ನಗು ತಡೆಯಲಾರದೆ ನೀರು ಕುಡಿಯುತ್ತಿದ್ದಳು. ನಾಸಿಕದ ಹುಡುಗ ಒಮ್ಮೆ, "ಮೇಡಂ, ಸಬ್‌ಟೈಟಲ್ ಭೀ ಲಗಾ ದೋ" ಎಂದ. ಸಬ್‌ಟೈಟಲನ್ನೂ ಹಾಕಿ ಎಂದು ತಮಾಷೆಯಾಗಿಯೇ ಅಂದದ್ದು, ಆದರೆ ಅವನ ಮುಖದಲ್ಲಿ ನಗೆಯಿರಲಿಲ್ಲ. ಮೂರೇ ಜನರ ತಂಡದಲ್ಲಿ ಒಬ್ಬಳಿಗೆ ಹಿತ್ತಲ ಬಾಗಿಲು ತೆರೆದಿಟ್ಟರೆ ಉಳಿದ ಇಬ್ಬರು ಏನೆಂದುಕೊಳ್ಳುತ್ತಾರೆ ಎಂಬುದು ಮ್ಯಾನೇಜರಿಗೆ ಹೊಳೆಯಬೇಕಿತ್ತು. ಕಲಿತುಕೊಂಡರಾಯಿತು, "ಕನ್ನಡ ಸೀಖ್ ಲೋ" ಎಂದು ಅವನ ಬಾಯಿ ಮುಚ್ಚಿಸಿದೆ.

ಆ ವರ್ಷ ನಮಗೆ ಸಿಕ್ಕ ಕೆಲಸ ಒಂದು ಡಯಾಗ್ನೋಸ್ಟಿಕ್ ಸೆಂಟರಿನವರದು. ಊರಿನಲ್ಲಿ ಹಲವು ಕಡೆ ಅವರ ಸೆಂಟರುಗಳಿದ್ದವು. ಸ್ಕ್ಯಾನಿಂಗಿಗೆ ಜನ ಹೊತ್ತು ಗೊತ್ತುಮಾಡಿಕೊಳ್ಳುತ್ತಾರೆ, ಕೆಲವರು ಬರುವುದೇ ಇಲ್ಲ, ಮೆಷಿನ್ ಖಾಲಿ ಬಿದ್ದಿರುತ್ತದೆ. ಯಾರು ಬರುವುದಿಲ್ಲ ಎಂದು ಮೊದಲೇ ಊಹಿಸಿ ಹೇಳಿದರೆ ಅವರ ಜಾಗವನ್ನು ಇನ್ನೊಬ್ಬರಿಗೂ ಕೊಡುವುದು, ಇದು ಅವರ ಯೋಚನೆ. ಊಹೆ ಸರಿಯಿದ್ದರೆ ಎಲ್ಲರಿಗೂ ಲಾಭ. ತಪ್ಪಿದರೆ, ಹೊಟ್ಟೆ ಖಾಲಿ ಇಟ್ಟುಕೊಂಡು ಲೋಕಲ್‌ನಲ್ಲಿ ನಿಂತು ಬಂದ ರೋಗಿಗೆ "ನಿಮ್ಮ ಜಾಗದಲ್ಲಿ ಬೇರೆಯವರಿದ್ದಾರೆ, ಕಾಯಿರಿ" ಎಂದು ಹೇಳಬೇಕಾಗುತ್ತದೆ.

ಹಿಂದಿನ ವರ್ಷಗಳ ದಾಖಲೆಗಳನ್ನೆಲ್ಲ ಅವರು ಕೊಟ್ಟರು. ರೋಗಿಯ ವಯಸ್ಸು, ಮನೆ ಎಲ್ಲಿ, ಯಾವ ಪರೀಕ್ಷೆ, ಬಂದರೋ ಇಲ್ಲವೋ. ಜೊತೆಗೆ 'ಷರಾ' ಎಂದು ಒಂದು ಕಾಲಮ್ಮು. ಅದರಲ್ಲಿ ರಿಸೆಪ್ಷನ್‌ನವರು ಬರೆದ ಚಿಕ್ಕಪುಟ್ಟ ಮಾತುಗಳು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಹುಡುಗರು ಲೆಕ್ಕ ಹಾಕುತ್ತ ಕೂತಾಗ, ತಾಳ್ಮೆಯಿಲ್ಲದ ನಾನು, "ಎಲ್ಲವನ್ನೂ ಹಾಕಿ, ಬೇಕಾದ್ದನ್ನು ಮೆಷಿನ್ನೇ ಆರಿಸಿಕೊಳ್ಳುತ್ತೆ" ಎಂದೆ.

ಫಲಿತಾಂಶ ಬಂದಾಗ ಪಾಟ್ನಾದ ಹುಡುಗ ಕುರ್ಚಿಯಿಂದೆದ್ದು ಕುಣಿದ. ಯಂತ್ರದ ಊಹೆ ಹೆಚ್ಚುಕಡಿಮೆ ತಪ್ಪುವುದೇ ಇಲ್ಲ! ನಾನು ಕುಣಿಯಲಿಲ್ಲವೆನ್ನುವುದೊಂದು ಬಿಟ್ಟರೆ ಉಳಿದೆಲ್ಲ ಮಾಡಿದೆ. ಬಾಸ್‌ಗೆ ಹೇಳಿದೆ, ಬಾಸ್ ಆ ಸೆಂಟರಿನ ದೊಡ್ಡ ಡಾಕ್ಟರಿಗೆ ಹೇಳಿದರು. ಮನುಷ್ಯರು ಬರುತ್ತಾರೋ ಇಲ್ಲವೋ ಎಂಬುದು ಅಷ್ಟು ಚೊಕ್ಕಟವಾಗಿ ತಿಳಿಯುವ ವಿಷಯವಲ್ಲ. ಅಂಕ ಅಷ್ಟು ಚೆನ್ನಾಗಿ ಬಂದರೆ ಮೊದಲು ಅನುಮಾನ ಪಡಬೇಕು, ಯಂತ್ರ ಎಲ್ಲೋ ಉತ್ತರವನ್ನು ನೋಡಿಕೊಂಡು ಬರೆದಿದೆ ಎಂದೇ ತಿಳಿಯಬೇಕು. ಇದನ್ನು ಹೊಸಬರಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವಳು ನಾನೇ.

ಆ ಪಾಠವನ್ನು ನೆನಪಿಟ್ಟುಕೊಂಡಿದ್ದವಳು ಹುಡುಗಿ. ಮಾರನೆಯ ಬೆಳಿಗ್ಗೆ ಟ್ರೇನಿನಲ್ಲಿ ಕೇಳಿದಳು: "ಮೇಡಂ, ಆ ಷರಾ ಯಾವಾಗ ಬರೀತಾರೆ? ಬುಕಿಂಗ್ ಟೈಮಲ್ಲಾ, ಇಲ್ಲ ಪೇಷಂಟ್ ಬಂದ ಮೇಲಾ?"

ಪ್ರಶ್ನೆ ಎತ್ತ ಹೋಗುತ್ತಿದೆಯೆಂದು ನನಗೆ ಕೂಡಲೇ ತಿಳಿಯಿತು. ರೋಗಿ ಬಂದ ಮೇಲೆ ಬರೆಯುವುದಾದರೆ, ಬಂದವರಿಗೆ ಷರಾ ಇರುತ್ತದೆ, ಬಾರದವರಿಗೆ ಇರುವುದಿಲ್ಲ. ಯಂತ್ರ ಊಹಿಸುತ್ತಿಲ್ಲ, ಖಾಲಿ ಜಾಗ ನೋಡಿ ಹೇಳುತ್ತಿದೆ ಎಂದಾಯಿತು. ನಾಳೆ ಬರಬೇಕಾದವರಿಗೆ ಷರಾ ಎಲ್ಲಿಂದ ಬರಬೇಕು? ಎಲ್ಲರೂ ಖಾಲಿಯೇ, ಯಾರೂ ಬರುವುದಿಲ್ಲವೆಂದೇ ಯಂತ್ರ ಹೇಳುತ್ತದೆ.

"ನಾನು ಅವರನ್ನ ಕೇಳಿ ಹೇಳ್ತೀನಿ," ಎಂದೆ.

ಕೇಳಲಿಲ್ಲ. ಒಂದು ಫೋನಿನ ಕೆಲಸ. ಕೇಳಿದರೆ ಉತ್ತರ ಬರುತ್ತಿತ್ತು, ಉತ್ತರ ಬಂದರೆ ಬಾಸ್‌ಗೆ ಹೇಳಬೇಕಿತ್ತು, ಬಾಸ್ ಆಗಲೇ ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾವು ನಗುತ್ತ ಹೇಳುತ್ತೇವೆ. ಬೆಕ್ಕಿಗೂ ಒಳಗೊಳಗೇ ಗೊತ್ತಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಅವರ ಮುಖ್ಯ ಸೆಂಟರು ದಾದರಿನಲ್ಲಿ. ಫಲಿತಾಂಶ ತೋರಿಸಲು ತಂಡವನ್ನೆಲ್ಲ ಕರೆದುಕೊಂಡು ಹೋದೆ. ಮೇಲಿನ ಮಹಡಿಯ ಮೀಟಿಂಗ್ ರೂಮಿಗೆ ಕರೆಯುವವರೆಗೆ ಕೆಳಗೆ ರೋಗಿಗಳ ನಡುವೆಯೇ ಕೂತಿದ್ದೆವು. ನಾನು ಮಾತುಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಹುಡುಗಿ ಎದ್ದು ಹೋಗಿ ಕೌಂಟರಿನ ಪಕ್ಕ ನಿಂತು ನೋಡುತ್ತಿದ್ದಳು.

ಮೇಲೆ ದೊಡ್ಡ ಡಾಕ್ಟರು ಇದ್ದರು, ಗುಜರಾತಿ ಹಿರಿಯರು, ಮಾತಿಗೊಮ್ಮೆ "ವಂಡರ್‌ಫುಲ್" ಎನ್ನುವವರು. ಅವರ ಪಕ್ಕದಲ್ಲಿ ಎಲ್ಲ ಸೆಂಟರುಗಳ ದಿನದ ವ್ಯವಹಾರ ನೋಡಿಕೊಳ್ಳುವ ಹೆಂಗಸು. ನನ್ನದೇ ವಯಸ್ಸು, ಇಳಕಲ್ ಸೀರೆ, ಡಾಕ್ಟರ ಜೊತೆ ಹಿಂದಿ, ಪ್ಯೂನ್ ಜೊತೆ ಮರಾಠಿ. ಮಾತು ಕಡಿಮೆ. ಮರಾಠಿಯವರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಮುಂದುವರಿದೆ. ಸೀರೆಯನ್ನಾದರೂ ಸರಿಯಾಗಿ ನೋಡಬೇಕಿತ್ತು.

ನಾನು ಮಾತಾಡುತ್ತಿದ್ದೆ, ಡಾಕ್ಟರು ವಂಡರ್‌ಫುಲ್ ಎನ್ನುತ್ತಿದ್ದರು. ಪರದೆಯ ಮೇಲೆ ಫಲಿತಾಂಶ ಬಂದ ಹೊತ್ತಿಗೆ ಹುಡುಗಿ ನನ್ನ ಕಡೆ ಬಾಗಿ, ನಾನೇ ಕಲಿಸಿದ ಕನ್ನಡದಲ್ಲಿ ಹೇಳಿದಳು: "ಮೇಡಂ, ನಾನು ಕೆಳಗೆ ನೋಡ್ದೆ. ಷರಾ ಪೇಷಂಟ್ ಬಂದ ಮೇಲೇ ಬರೀತಾರೆ. ಈ ನಂಬರ್ ಸುಳ್ಳು. ಈಗ್ಲೇ ಹೇಳ್ಬಿಡಿ."

ನಾನು ಮುಖದ ಮೇಲಿನ ನಗೆಯನ್ನು ಹಾಗೇ ಇಟ್ಟುಕೊಂಡೆ. ಏನೋ ಒಳ್ಳೆಯ ಸುದ್ದಿ ಹೇಳಿದಳೆಂಬಂತೆ ಅವಳ ಭುಜ ತಟ್ಟಿದೆ. "ನಂಗೆ ಗೊತ್ತು. ಬಾಯಿ ಮುಚ್ಕೊಂಡು ಕೂತ್ಕೋ. ಇವರಿಗೇನು ಗೊತ್ತಾಗುತ್ತೆ? ಮೊದಲು ಒಪ್ಕೊಳ್ಳಲಿ, ಆಮೇಲೆ ಸರಿ ಮಾಡಿದ್ರಾಯ್ತು."

"ಏನು ಹೇಳುತ್ತಿದ್ದಾಳೆ ನಿಮ್ಮ ಹುಡುಗಿ?" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

"ನಿಮ್ಮ ರಿಸೆಪ್ಷನ್‌ನವರು ಎಷ್ಟು ಅಚ್ಚುಕಟ್ಟಾಗಿ ದಾಖಲೆ ಇಡುತ್ತಾರೆ ಎಂದು ಹೊಗಳುತ್ತಿದ್ದಾಳೆ," ಎಂದೆ.

"ವಂಡರ್‌ಫುಲ್."

ಹುಡುಗಿ ತಲೆ ಬಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು. ಇಳಕಲ್ ಸೀರೆಯ ಹೆಂಗಸು ಎದ್ದು ಅವಳ ಮುಂದೆ ಒಂದು ಲೋಟ ನೀರು ಇಟ್ಟರು. ಎಷ್ಟು ಸಭ್ಯರು ಎಂದುಕೊಂಡೆ. ಮುಂದಿನ ತಿಂಗಳಿಂದ ಎಲ್ಲ ಸೆಂಟರುಗಳಲ್ಲೂ ಶುರು ಎಂದು ಮಾತಾಯಿತು.

ಹುಡುಗರು ಮೂವರೂ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ನನ್ನ ಮೊಣಕಾಲಿಗೆ ಮೆಟ್ಟಿಲು ಆಗದು. ಆ ಹೆಂಗಸು ಲಿಫ್ಟಿನವರೆಗೆ ನನ್ನ ಜೊತೆ ಬಂದರು. ಲಿಫ್ಟು ಮೇಲೆ ಬರುತ್ತಿತ್ತು. ನಾನು ಏನಾದರೂ ಮಾತಾಡಬೇಕಲ್ಲ ಎಂದು ಹಿಂದಿಯಲ್ಲಿ ಮಳೆಯ ವಿಷಯ ತೆಗೆದೆ.

"ನಮ್ಮ ತವರಮನಿ ಅಕ್ಕಲಕೋಟ ಬಾಜೂಕ ಐತ್ರೀ ಮೇಡಂ," ಎಂದರು ಅವರು. "ಮನ್ಯಾಗ ನಾವು ಕನ್ನಡಾನ ಮಾತಾಡೂದು."

ಲಿಫ್ಟಿನ ಗುಂಡಿಯ ಮೇಲಿದ್ದ ನನ್ನ ಬೆರಳು ಅಲ್ಲೇ ಉಳಿಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ದಾದರಿನ ಆ ಕಟ್ಟಡದಲ್ಲಿ ಬಾಯಿ ಬಿಟ್ಟದ್ದು ಲಿಫ್ಟು ಮಾತ್ರ. ಬಾಗಿಲು ತೆರೆದುಕೊಂಡಿತು. ನಾನು ಹತ್ತಲಿಲ್ಲ. ಮತ್ತೆ ಮುಚ್ಚಿಕೊಂಡಿತು.

"ಆ ಹುಡುಗಿಗಿ ಬೈಬ್ಯಾಡ್ರಿ. ಆಕಿ ಖರೇನ ಹೇಳ್ಯಾಳ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. "ನಮ್ಮ ಕಡೆ ಬರೋ ಮಂದಿ ಒಂದಿನದ ಪಗಾರ ಬಿಟ್ಟು ಬರ್ತಾರ್ರೀ. ಉಪಾಸ ಬರ್ತಾರ. ಅವರಿಗಿ 'ನಿಮ್ಮ ಜಾಗಾ ಬ್ಯಾರೇದವರಿಗಿ ಕೊಟ್ಟೀವಿ' ಅಂತ ಹೇಳಬೇಕಾದಾಕಿ ನಾನರೀ. ನೀವಲ್ಲ. ನಾ ಡಾಕ್ಟರಿಗಿ ಏನೂ ಹೇಳಂಗಿಲ್ಲ. ನಾಳಿ ಮುಂಜಾನಿ ನೀವ ಫೋನ್ ಮಾಡಿ ಹೇಳ್ರಿ. ಮಾಡಲಿಲ್ಲಂದ್ರ ನಾ ಹೇಳ್ತೀನಿ."

"ಮಾಡ್ತೀನಿ," ಎಂದೆ. ಮೊಣಕಾಲನ್ನೂ ಮರೆತು ಮೆಟ್ಟಿಲಿಳಿದೆ.

ಮಾರನೆಯ ಬೆಳಿಗ್ಗೆ ಮೊದಲು ಬಾಸ್‌ಗೆ ಹೇಳಿದೆ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಆದರೆ ಹೇಗೆ ಹೇಳಿದೆ! ಮ್ಯಾನೇಜರುಗಳಿಗೆ 'ನಾವು' ಎಂಬ ಪದ ದೇವರು ಕೊಟ್ಟ ಛತ್ರಿ. "ನಿನ್ನೆ ಮೀಟಿಂಗ್ ಮುಗಿಸಿ ಬಂದ ಮೇಲೆ ನಾವು ಮತ್ತೊಮ್ಮೆ ಪರಿಶೀಲಿಸಿದೆವು. ತಂಡದಿಂದ ಒಂದು ತಪ್ಪಾಗಿದೆ. ನಿಮ್ಮಿಂದ ಮುಚ್ಚಿಡಲು ಮನಸ್ಸು ಬರಲಿಲ್ಲ." ಎಲ್ಲವನ್ನೂ ಹಾಕಿ ಎಂದವಳು ನಾನು, ತಪ್ಪು ತಂಡದ್ದಾಯಿತು. ಹಿಡಿದವಳು ಹುಡುಗಿ, ಪರಿಶೀಲಿಸಿದವರು ನಾವಾದೆವು. ಮುಚ್ಚಿಡಲು ಮನಸ್ಸು ಬಾರದವಳು ಯಾರೋ, ನನಗೆ ಅವಳ ಪರಿಚಯವಿಲ್ಲ.

ಡಾಕ್ಟರು, ಇಷ್ಟು ವರ್ಷಗಳಲ್ಲಿ ಯಾವ ಕಂಪನಿಯವರೂ ತಾವಾಗಿ ಹೀಗೆ ಫೋನ್ ಮಾಡಿದ್ದಿಲ್ಲ ಎಂದರು. ಕೆಲಸ ನಮ್ಮ ಕೈ ತಪ್ಪಲಿಲ್ಲ. ಸರಿಮಾಡಿ ಕೊಡಿ, ಅವಸರವಿಲ್ಲ ಎಂದರು. ಅಷ್ಟೇ ಅಲ್ಲ, ನಮ್ಮ ಬಾಸ್‌ಗೆ ನನ್ನನ್ನು ಹೊಗಳಿ ಬರೆದರು.

ಆ ಸಂಜೆ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮೇಡಂ, ನೀವು ಹೇಳ್ಬಿಟ್ರಿ ಅಲ್ವಾ," ಎಂದಳು. "ನಿನ್ನೆ ನಂಗೆ ತುಂಬಾ ಬೇಜಾರಾಗಿತ್ತು. ಮನೆಗೆ ಹೋಗಿ ಅತ್ತೆ. ಈಗ ಖುಷಿ ಆಯ್ತು. ನೀವು ಹಾಗೆ ಮಾಡಲ್ಲ ಅಂತ ನಂಗೆ ಗೊತ್ತಿತ್ತು."

ಒಂದೂ ತಪ್ಪಿಲ್ಲದ ಕನ್ನಡ. ಅವಳು ಅಷ್ಟು ಉದ್ದ ಮಾತಾಡಿದ್ದೂ ಅದೇ ಮೊದಲು. ಲಿಫ್ಟಿನ ಬಳಿ ಏನಾಯಿತೆಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. "ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಕಣೇ," ಎಂದೆ. ಅದು ನಿಜವೇ ಆಗಿತ್ತು. ನಿಜವನ್ನೇ ಇಟ್ಟುಕೊಂಡು ಎಂಥ ಸುಳ್ಳು ಹೇಳಬಹುದು ನೋಡಿ.

ಬಾಸ್ ಇಡೀ ಆಫೀಸನ್ನು ಸೇರಿಸಿ ನನ್ನನ್ನು ಮಾತಾಡಲು ನಿಲ್ಲಿಸಿದರು. ವಿಷಯ: ಪ್ರಾಮಾಣಿಕತೆ. ಬೇಡವೆನ್ನಲು ನೆಪ ಹುಡುಕಿದೆ, ಸಿಗಲಿಲ್ಲ. ನಿಜವಾದ ಕಾರಣ ಒಂದಿತ್ತು, ಅದನ್ನು ಹೇಳುವಂತಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತು, ತಪ್ಪು ಮಾಡುವುದು ದೊಡ್ಡದಲ್ಲ, ಒಪ್ಪಿಕೊಳ್ಳುವುದು ದೊಡ್ಡದು ಎಂದೆ. ಕೆಳಗಿನ ಗಾಳಾದ ಮೆಷಿನ್ನುಗಳ ಸದ್ದಿಗೆ ನನ್ನ ಮಾತು ಮುಳುಗಿಹೋಗಲಿ ಎಂದು ಆಸೆಪಟ್ಟೆ. ಆ ದಿನ ಅಲ್ಲಿ ರಜೆ. ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಹುಡುಗಿ. ನಾಸಿಕದವನು ಮೆಲ್ಲಗೆ ಎರಡು ಸಲ ತಟ್ಟಿ ಕೈ ಕಟ್ಟಿಕೊಂಡ. ಅವನಿಗೆ ಕನ್ನಡ ಬಾರದಿದ್ದರೂ ಕಣ್ಣು ಕಾಣಿಸುತ್ತಿತ್ತು.

ಷರಾ ತೆಗೆದು ಮತ್ತೆ ಮಾಡಿದಾಗ ಯಂತ್ರ ಸಾಧಾರಣ ಮನುಷ್ಯರ ಹಾಗೆ ಊಹಿಸತೊಡಗಿತು. ಕೆಲವು ಸರಿ, ಕೆಲವು ತಪ್ಪು. ಯಾರ ಜಾಗವನ್ನೂ ಇನ್ನೊಬ್ಬರಿಗೆ ಕೊಡುವುದು ಬೇಡ, ಬಾರದೆ ಇರಬಹುದಾದವರಿಗೆ ಹಿಂದಿನ ದಿನ ಫೋನ್ ಮಾಡಿ ನೆನಪಿಸೋಣ ಎಂದು ಹುಡುಗಿಯೇ ಸೂಚಿಸಿದಳು. ಅದನ್ನು ಜೋಡಿಸಿ ಬರಲು ದಾದರಿಗೆ ಒಬ್ಬಳೇ ಹೋದಳು. ನಾನು ಜೊತೆಗೆ ಹೋಗಬೇಕಿತ್ತು. ಇಳಕಲ್ ಸೀರೆಗೆ ಹೆದರಿ ಬೇರೆ ಮೀಟಿಂಗ್ ಇಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಕಿಂಗ್ಸ್ ಸರ್ಕಲ್‌ನಲ್ಲಿ ಅವಳು ಹತ್ತಿದಳು. ಪಕ್ಕದ ಜಾಗವನ್ನು ಪರ್ಸು ಇಟ್ಟು ಹಿಡಿದಿದ್ದೆ. ಅವಳು ಕೂರಲಿಲ್ಲ, ಎದುರಿಗೆ ಕಂಬಿ ಹಿಡಿದು ನಿಂತಳು.

"ಹೇಗಾಯ್ತು ನಿನ್ನೆ?" ಎಂದೆ.

"ಇಟ್ ವೆಂಟ್ ವೆಲ್, ಮ್ಯಾಮ್."

ನಾನು ಮತ್ತೇನೋ ಕನ್ನಡದಲ್ಲಿ ಕೇಳಿದೆ. ಅದಕ್ಕೂ ಇಂಗ್ಲಿಷಿನಲ್ಲೇ ಉತ್ತರ. ಮಾಹಿಮ್ ದಾಟಿತು. ಅವಳು ಹೊರಗೆ ನೋಡುತ್ತ ಹಿಂದಿಯಲ್ಲಿ ಹೇಳಿದಳು: "ವೋ ಕನ್ನಡ ಬೋಲ್ತೀ ಹೈಂ, ಮ್ಯಾಮ್."

ಅವರು ಕನ್ನಡ ಮಾತಾಡುತ್ತಾರೆ. ಅಷ್ಟೇ. ಆ ಹೆಂಗಸು ಏನೂ ಚಾಡಿ ಹೇಳಿರಲಾರರು. ಅಂದು ನೀರು ಕೊಟ್ಟವರು ಈಗ ಎರಡು ಒಳ್ಳೆಯ ಮಾತು ಆಡಿರಬೇಕು, ತಮ್ಮ ಭಾಷೆಯಲ್ಲಿ. ಉಳಿದದ್ದನ್ನು ಕೂಡಿಸಿಕೊಳ್ಳುವುದು ಇವಳಿಗೆ ಎಷ್ಟರ ಕೆಲಸ! ಷರಾ ಯಾವಾಗ ಬರೆಯುತ್ತಾರೆಂದು ಕೇಳಿದವಳು, ನಾನು ಯಾವಾಗ ಪ್ರಾಮಾಣಿಕಳಾದೆ ಎಂದು ಕೇಳಿಕೊಳ್ಳದೆ ಇರುತ್ತಾಳೆಯೇ? ನನ್ನ ಒಳ್ಳೆಯತನವೂ ಘಟನೆ ನಡೆದ ಮೇಲೆ ತುಂಬಿದ ಕಾಲಮ್ಮು.

ಅಂದಿನಿಂದ ಅವಳು ನನ್ನ ಜೊತೆ ಕನ್ನಡ ಮಾತಾಡಲಿಲ್ಲ. ಕೆಲಸದಲ್ಲಿ ಒಂದೂ ಕೊರತೆಯಿಲ್ಲ, ಮರ್ಯಾದೆಯಲ್ಲಿ ಒಂದೂ ಕೊರತೆಯಿಲ್ಲ. ಟ್ರೇನಿನಲ್ಲಿ ಬೇರೆ ಡಬ್ಬಿ ಹತ್ತತೊಡಗಿದಳು. ವರ್ಷದ ಕೊನೆಯಲ್ಲಿ ಅವಳಿಗೆ ಎಲ್ಲರಿಗಿಂತ ಒಳ್ಳೆಯ ರೇಟಿಂಗ್ ಕೊಟ್ಟೆ. ನ್ಯಾಯವಾಗಿ ಸಲ್ಲಬೇಕಾದದ್ದೇ, ಆದರೆ ಕೊಡುವಾಗ ನನ್ನ ಕೈ ಲಂಚ ಕೊಡುವವರ ಕೈಯ ಹಾಗೆ ಬೆವತಿತ್ತು. "ಥ್ಯಾಂಕ್ಯೂ, ಮ್ಯಾಮ್" ಎಂದಳು. ನನಗೆ ಅಳು ಬಂತು. ಅವಳ ಎದುರಿಗೆ ಅಳಲಿಲ್ಲ, ಬಾತ್‌ರೂಮಿಗೆ ಹೋಗಿ ಅತ್ತೆ.

ಮೊದಲೆಲ್ಲ ಕಾಫಿಗೆಂದು ಹೋಗುತ್ತಿದ್ದ ಅವಳ ತಂದೆಯ ಹೋಟೆಲಿನ ರಸ್ತೆಯನ್ನೇ ನಾನು ಬಿಟ್ಟಿದ್ದೆ. ಕಾಫಿಪುಡಿಗೆಂದು ಮಾಟುಂಗಕ್ಕೆ ಹೋದಾಗ ಸುತ್ತು ಹಾಕಿ ಬರುತ್ತಿದ್ದೆ. ಈಚೆಗೆ ಒಂದು ಶನಿವಾರ ಹೂವಿನ ಅಂಗಡಿಯ ಮುಂದೆ ಅವರೇ ಸಿಕ್ಕಿಬಿಟ್ಟರು. "ಎಂತ ಮೇಡಂ, ಈಚೆ ಕಾಣ್ಲಿಕ್ಕೇ ಇಲ್ಲ? ಬನ್ನಿ ಬನ್ನಿ, ಒಂದು ಕಾಫಿ ಕುಡ್ದೇ ಹೋಗ್ಬೇಕು," ಎಂದು ಬಿಡದೆ ಒಳಗೆ ಕರೆದೊಯ್ದರು. ಗಲ್ಲಾದ ಪಕ್ಕದ ಮೇಜಿನಲ್ಲಿ ಹುಡುಗಿ ಕೂತು ದೋಸೆ ತಿನ್ನುತ್ತಿದ್ದಳು. "ಇದಾ, ನಿಮ್ಮ ಶಿಷ್ಯೆ ಇಲ್ಲೇ ಇದ್ದಾಳೆ. ಒಟ್ಟಿಗೆ ಕೂತ್ಕೊಳ್ಳಿ," ಎಂದು ನನ್ನನ್ನು ಅವಳ ಎದುರಿಗೇ ಕೂರಿಸಿದರು. "ಮಗಳು ಈಗ ಎಷ್ಟು ಚಂದ ಕನ್ನಡ ಮಾತಾಡ್ತಾಳೆ ಮಾರಾಯ್ರೆ! ಊರಿಗೆ ಹೋದ್ರೆ ಅಜ್ಜಿಗೇ ಆಶ್ಚರ್ಯ. ಎಲ್ಲ ನಿಮ್ಮ ಉಪಕಾರ."

ಅಂದರೆ ಮಾತಾಡುತ್ತಾಳೆ. ನನ್ನ ಜೊತೆ ಮಾತ್ರ ಇಲ್ಲ.

ಅವರು ಗಲ್ಲಾಕ್ಕೆ ಹೋದರು. ಕಾಫಿ ಬಂತು. ಸುತ್ತ ಎಲ್ಲ ಮೇಜುಗಳೂ ತುಂಬಿದ್ದವು. ಸಂಘದ ಇಬ್ಬರು ಹಿರಿಯರು ಪಕ್ಕದಲ್ಲೇ ಇಡ್ಲಿ ತಿನ್ನುತ್ತಿದ್ದರು. ಇಷ್ಟು ದಿನ ಮನಸ್ಸಿನಲ್ಲಿ ಉರು ಹೊಡೆದಿದ್ದನ್ನು ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿ ಲೋಟದ ಮೇಲೆ ಬಾಗಿದೆ.

"ತಪ್ಪು ನಂದು," ಎಂದೆ, ತೀರ ಮೆಲ್ಲಗೆ. "ಎಲ್ಲ ಹಾಕಿ ಅಂದವಳು ನಾನೇ. ಅವತ್ತು ನಿನ್ನ ಬಾಯಿ ಮುಚ್ಚಿಸಿದೆ. ಫೋನ್ ಮಾಡಿದ್ದೂ ನಾನಾಗಿ ಅಲ್ಲ, ಸಿಕ್ಕಿಬಿದ್ದಿದ್ದಕ್ಕೆ. ನೀನು ಹೊಗಳಿದಾಗ ಸುಮ್ಮನೆ ಹೊಗಳಿಸಿಕೊಂಡೆ." ಹೇಳುತ್ತ ಹೇಳುತ್ತಲೇ ನನ್ನ ಕಣ್ಣು ಪಕ್ಕದ ಮೇಜಿನ ಕಡೆ ಹೋಗಿ ಬಂತು. ಅವಳು ಅದನ್ನು ನೋಡಿದಳು.

"ಜೋರಾಗಿ ಹೇಳಿ ಮೇಡಂ," ಎಂದಳು. ಎಷ್ಟೋ ತಿಂಗಳ ಮೇಲೆ, ಕನ್ನಡದಲ್ಲಿ. "ಇಲ್ಲಿ ಎಲ್ಲರಿಗೂ ಕನ್ನಡ ಬರುತ್ತೆ."

ಗಲ್ಲಾದಿಂದ ಅವಳ ತಂದೆ ಕತ್ತು ಚಾಚಿ ನಗುತ್ತ ಕೇಳಿದರು: "ಎಂತ ಹೇಳ್ತಾರೆ ಮಗಾ, ಮೇಡಂ?"

ಹಿರಿಯರಿಬ್ಬರೂ ಇತ್ತ ತಿರುಗಿದರು. ಹುಡುಗಿ ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನನ್ನನ್ನೇ ನೋಡುತ್ತ ಕಾದಳು. ನಿಜವಾಗಿಯೂ ಕಾದಳು, ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು. ನಾನು ಬಾಯಿ ತೆರೆದೆ. ಮಗಳ ಗುರು ಎಂದು ಹೆಮ್ಮೆಯಿಂದ ನೋಡುತ್ತಿದ್ದ ಆ ಮುಖ ಕಂಡಿತು, ಸಂಘದ ಹಿರಿಯರ ಕನ್ನಡಕ ಕಂಡಿತು. ಬಾಯಿ ಮುಚ್ಚಿಕೊಂಡೆ.

ಅವಳು ತಂದೆಯ ಕಡೆ ತಿರುಗಿದಳು. "ಕಾಫಿ ಒಳ್ಳೆದುಂಟಂತೆ, ಪಪ್ಪ," ಎಂದಳು.

ಅವರ ಮುಖ ಅರಳಿತು. ನನಗೆಂದು ಇನ್ನೊಂದು ಕಾಫಿ ಹೇಳಿದರು, ಸ್ಟ್ರಾಂಗ್ ಆಗಿ. ಅದು ಬರುವವರೆಗೂ, ನಾನು ಅದನ್ನು ಕುಡಿದು ಮುಗಿಸುವವರೆಗೂ ಹುಡುಗಿ ಎದ್ದು ಹೋಗದೆ ಎದುರಿಗೇ ಕೂತಿದ್ದಳು.